ನೇಸರಗಿಯ ಬಲಗಾಲಿನ ಚಪ್ಪಲಿ

9 ಡಿಸೆಂಬರ್ 2024, ಸೋಮವಾರ ಬೆಳಿಗ್ಗೆ 10 ಗಂಟೆ 20 ನಿಮಿಷಕ್ಕೆ, ನೇಸರಗಿ ಠಾಣೆಯಲ್ಲಿ ಗೂಟಕ್ಕೆ ತೂಗುಹಾಕಿದ್ದ ಒಂದು ಖಾಕಿ ಅಂಗಿಗೆ ದೂರು ಬಂತು.

"ನಮಸ್ಕಾರ್ರಿ ಸಾಹೇಬ್ರ. ಕಳವ ಆಗೇತಿ. ಬರಕೋರಿ."

ಅಂಗಿ ಬರೆದುಕೊಳ್ಳಲಿಲ್ಲ. ಅದರ ಒಡೆಯ ಹವಾಲ್ದಾರ ಪರಸಪ್ಪ ಹಿತ್ತಲಿನ ನಳದಲ್ಲಿ ಮುಖ ತೊಳೆಯುತ್ತಿದ್ದ. ಬನಿಯನ್ನಿನಲ್ಲೇ ಓಡಿಬಂದು ಅಂಗಿಯ ಪಕ್ಕ ನಿಂತು, ಇನ್ಸ್‌ಪೆಕ್ಟರ್ ಗೌರೀಶರ ಗಡಸು ದನಿಯಲ್ಲಿ ಕೇಳಿದ: "ಏನ ಕಳವ ಆಗೇತ್ರಿ ಯಜಮಾನ್ರ?" ಅವನಿಗೆ ಠಾಣೆಯ ಎಲ್ಲರ ದನಿಯೂ ಬರುತ್ತಿತ್ತು, ವೈರ್‌ಲೆಸ್ಸಿನದೂ.

"ಬಲಗಾಲಿನ ಚಪ್ಪಲ್ರಿ. ಹನ್ನೊಂದ ದಿನದಿಂದ. ಮುಂಜಾನೆ ಹೋಗತೈತಿ, ಸಂಜೀಕ ತಿರುಗಿ ಬರತೈತಿ."

"ಎಡಗಾಲಿಂದು?"

"ಅದನ್ನ ಮುಟ್ಟಂಗಿಲ್ಲ. ಕಳ್ಳಗೂ ಒಂದ ನೇಮ ಇರತೈತಲ್ರಿ."

ನಿಜವಾದ ಗೌರೀಶರು ಬಾಗಿಲಲ್ಲಿ ನಿಂತು ಎಲ್ಲ ಕೇಳುತ್ತಿದ್ದರು. ಪರಸಪ್ಪ ಕೂಡಲೇ ತನ್ನ ಸ್ವಂತ ದನಿಗೆ ಮರಳಿದ.

ಫಿರ್ಯಾದಿ ನಿಜಗುಣಪ್ಪ, ವಯಸ್ಸು 79. ಹಣೆಗೆ ವಿಭೂತಿ, ತಲೆಗೆ ಬಿಳಿ ಪಟಗ. ಎಡಗಾಲಲ್ಲಿ ಸ್ವಂತ ತೊಗಲಿನ ಚಪ್ಪಲಿ, ಬಲಗಾಲಲ್ಲಿ ಯಾರದೋ ನೇರಳೆ ಬಣ್ಣದ ರಬ್ಬರ್ ಚಪ್ಪಲಿ. ಮೂವತ್ತು ವರ್ಷ ಈ ಠಾಣೆಯವರು ಎಲ್ಲಿ ಪಂಚನಾಮೆ ಮಾಡಿದರೂ ಪಂಚನಾಗಿ ಸಹಿ ಹಾಕಿದವರು ಇವರೇ. ಈಗ ಮೊಮ್ಮಗನ ಹೆಸರು ಮರೆಯುತ್ತದೆ, ಉಂಡದ್ದು ಮರೆಯುತ್ತದೆ. ಪಂಚನಾಮೆಯ ಒಂದು ಶಬ್ದವೂ ಮರೆತಿಲ್ಲ. ದಿನಾ ಬೆಳಿಗ್ಗೆ ಹೆದ್ದಾರಿ ದಾಟಿ ಬಂದು, "ಇವತ್ತ ಪಂಚನಾಮಾ ಐತೇನ್ರಿ?" ಎಂದು ಕೇಳಿ ಹೋಗುವುದು ರೂಢಿ. ಹನ್ನೊಂದು ದಿನದಿಂದ ಮಾತ್ರ ಬಂದಿರಲಿಲ್ಲ. ಗೌರೀಶರು ಅದನ್ನು ಮನಸ್ಸಿನಲ್ಲೇ ಗುರುತು ಹಾಕಿಕೊಂಡರು.

"ಎಫ್‌ಐಆರ್ ಹಾಕ್ರಿ," ಎಂದರು ಮುದುಕರು.

"ಮೊದಲ ಸ್ಥಳ ನೋಡೂಣ್ರಿ. ಪಂಚರಾಗಿ ನೀವ ಅದೀರಲ್ಲ."

"ಫಿರ್ಯಾದಿ ಪಂಚ ಆಗಾಕ ಬರಂಗಿಲ್ರಿ ಸಾಹೇಬ್ರ. ಎಷ್ಟ ವರ್ಷ ಆತು ನೌಕರಿಗೆ ಸೇರಿ?"

ಗೌರೀಶರು ಟೋಪಿ ಸರಿಮಾಡಿಕೊಂಡರು.

11 ಗಂಟೆ 5 ನಿಮಿಷಕ್ಕೆ ಸ್ಥಳ ಪರಿಶೀಲನೆ. ನಿಜಗುಣಪ್ಪ ಹೇಳುತ್ತ ಹೋದರು, ಪರಸಪ್ಪ ಬರೆದುಕೊಂಡ: "ಸದರಿ ಮನೆಯು ಪೂರ್ವಾಭಿಮುಖವಾಗಿದ್ದು, ಸದರಿ ಹೊಸ್ತಿಲಿನ ಎಡಕ್ಕೆ..." ಹೊಸ್ತಿಲೆಂದು ಅವರು ಕೋಲಿನಿಂದ ಅಳೆದದ್ದು ಅಲ್ಲಿ ಮಲಗಿದ್ದ ನಾಯಿಯನ್ನು. ಅದು ಎದ್ದುಹೋಯಿತು. ಪರಸಪ್ಪ ಅದನ್ನೂ ಬರೆದ.

ಅವರ ಹೆಂಡತಿ ಸುಂದರವ್ವ ಒಳಗೆ ರೊಟ್ಟಿ ಬಡಿಯುತ್ತಿದ್ದರು. ಮಹಿಳಾ ಪೇದೆ ಭಾಗೀರಥಿ ವಿಚಾರಣೆ ಮಾಡಿದಳು.

"ಮನ್ಯಾಗ ಯಾರ ಯಾರ ಇರತೀರಿ?"

"ನಾವಿಬ್ರು, ಮಗ, ಸೊಸಿ, ಮೊಮ್ಮಗ."

"ಕಳ್ಳನ್ನ ನೋಡೀರೇನು?"

"ನೋಡೇನಿ."

"ಹೆಂಗದಾನ?"

"ಕೂದ್ಲ ಬೆಳ್ಳಗ ಆಗ್ಯಾವ. ಅಷ್ಟ ಹೇಳತೇನವಾ. ರೊಟ್ಟಿ ಹತ್ತತೈತಿ."

ಮರುದಿನ ಬೆಳಿಗ್ಗೆ 7ಕ್ಕೆ ಬಲೆ ಬೀಸಲಾಯಿತು. ಸವದತ್ತಿ ಗುಡ್ಡದಿಂದ ತಂದಿದ್ದ ಭಂಡಾರದ ಅರಿಷಿಣವನ್ನು ಎಣ್ಣೆಯಲ್ಲಿ ಕಲಸಿ ಬಲಗಾಲಿನ ಚಪ್ಪಲಿಗೆ ಸವರಿದರು. 9ಕ್ಕೆ ಚಪ್ಪಲಿ ಮಾಯ. ಎಲ್ಲರ ಕೈ ಪರೀಕ್ಷೆ ಮಾಡಿದಾಗ ಸುಂದರವ್ವನ ಕೈ ಹಳದಿ. ಮುಖಕ್ಕೆ ಅರಿಷಿಣ ಹಚ್ಚಿಕೊಂಡಿದ್ದ ಸೊಸೆಯದೂ ಹಳದಿ. ಚಪ್ಪಲಿಗಾಗಿ ತಡಕಾಡಿದ್ದ ನಿಜಗುಣಪ್ಪನವರದೂ ಹಳದಿ. ಭಂಡಾರ ಕಲಸಿದ್ದ ಭಾಗೀರಥಿಯದು ಎಲ್ಲಕ್ಕಿಂತ ಹಳದಿ. ಒಟ್ಟು ನಾಲ್ವರು ಶಂಕಿತರಾದರು, ಒಬ್ಬಳು ಪೊಲೀಸ್.

ಆದರೆ ನಡುಮನೆಯ ಟ್ರಂಕಿನ ಮುಚ್ಚಳದ ಮೇಲೆ ಐದು ಹಳದಿ ಬೆರಳಚ್ಚುಗಳಿದ್ದವು. ಒಳಗೆ ಸುಂದರವ್ವನ ಮದುವೆಯ ಇಳಕಲ್ ಸೀರೆ. ಸೀರೆಯ ಕೆಳಗೆ, ಹಳೆಯ ಪೇಪರಿನಲ್ಲಿ ಸುತ್ತಿದ ಬಲಗಾಲಿನ ಚಪ್ಪಲಿ.

ಸುಂದರವ್ವ ಗೌರೀಶರನ್ನು ಹಿತ್ತಲಿಗೆ ಕರೆದರು.

"ಹನ್ನೆರಡ ದಿನದ ಹಿಂದ ಇವ್ರು ಹೆದ್ದಾರ್ಯಾಗ ಕಬ್ಬಿನ ಟ್ರ್ಯಾಕ್ಟರಿನ ಮುಂದ ಬಿದ್ರು ಸಾಹೇಬ್ರ. ಬ್ರೇಕ್ ಹತ್ತಿತು, ಉಳದ್ರು. ಸಪ್ಪಳ ಕೇಳತೈತಿ, ಟ್ರ್ಯಾಕ್ಟರ್ ಕಾಣಂಗಿಲ್ಲ. ಮೊಣಕಾಲಾಗ ಕಸುವಿಲ್ಲ. ಮರುದಿನ ಕೇಳಿದ್ರ ಬಿದ್ದದ್ದ ನೆನಪಿಲ್ಲ. ನನಗ ಒಬ್ಬಾಕಿಗೇ ನೆನಪ."

"ಕೈ ಹಿಡಕೊಂಡ ಕರಕೊಂಡ ಬರಬೇಕಿಲ್ರಿ?"

"'ನಾ ಏನ ಕೂಸೇನು?' ಅಂತ ಝಾಡಿಸಿ ಒಗೀತಾರ. ದವಾಖಾನಿಗೆ ಹೊಂಟ್ರ ಅರ್ಧ ಹಾದ್ಯಾಗ ಯಾಕ ಹೊಂಟೇವಿ ಅನ್ನೂದ ಮರತ, ಜಗಳಾ ತಗದ ತಿರುಗಿ ಬರತಾರ. ಒಂದ ಚಪ್ಪಲಿ ಮ್ಯಾಲ ಹೊರಗ ಹೋಗೂ ಮನಿಷ್ಯಾ ಅಲ್ಲ ಅಂತ ಹಿಂಗ ಮಾಡಿದ್ನಿ."

"ನಿನ್ನಿ ನಿಮ್ಮ ರಬ್ಬರ್ ಚಪ್ಪಲಿ ಹಾಕ್ಕೊಂಡ ಬಂದ್ರಲ್ಲ."

"ಅದನ್ನೂ ಮುಚ್ಚಿಡಬೇಕಿತ್ತು ನೋಡ್ರಿ."

ಗೌರೀಶರು ನಡುಮನೆಗೆ ಬಂದರು. 9 ಗಂಟೆ 40 ನಿಮಿಷಕ್ಕೆ ದಸ್ತಗಿರಿ.

"ಯಜಮಾನ್ರ, ಕಳ್ಳಿ ಸಿಕ್ಕಾಳ. ನಮ್ಮ ಕಡೆ ಬೇಡಿ ಇಲ್ಲ. ನೀವು ಹೊರಗ ಹೊಂಟಾಗೆಲ್ಲ ಇಕಿನ್ನ ಜೋಡಿ ಕರಕೊಂಡ ಬರಬೇಕು, ಕೈ ಬಿಡಬಾರ್ದು. ಓಡಿ ಹೋದ್ಲಂದ್ರ ಜವಾಬ್ದಾರಿ ನಿಮ್ದು."

ನಿಜಗುಣಪ್ಪ ಪಟಗ ಬಿಗಿಮಾಡಿಕೊಂಡು, ಭಾಗೀರಥಿ ಮುಂದೆ ಮಾಡಿದ ಸುಂದರವ್ವನ ಮಣಿಕಟ್ಟನ್ನು, ಯಾರದೆಂದು ಕಾಣದೆಯೇ, ಗಟ್ಟಿಯಾಗಿ ಹಿಡಿದರು. "ನಡಿ," ಎಂದರು. ಸುಂದರವ್ವ ನಡೆದರು.

ಅಂದಿನಿಂದ ದಿನಾ ಹತ್ತಕ್ಕೆ ಇಬ್ಬರೂ ಬರುತ್ತಿದ್ದರು. ಹೆದ್ದಾರಿಯ ಅಂಚಿನಲ್ಲಿ ಆರೋಪಿ ನಿಂತುಬಿಡುತ್ತಿದ್ದಳು, ಟ್ರ್ಯಾಕ್ಟರ್ ಹೋಗುವವರೆಗೂ ನಿಜಗುಣಪ್ಪ, "ಓಡಬ್ಯಾಡ!" ಎಂದು ಗದರುತ್ತ ಕೈ ಬಿಗಿಹಿಡಿಯುತ್ತಿದ್ದರು. ಯಾಕೆ ಹಿಡಿದದ್ದೆಂದು ಮರೆತ ದಿನ ಪರಸಪ್ಪ ಸಾಹೇಬರ ದನಿಯಲ್ಲಿ ನೆನಪಿಸುತ್ತಿದ್ದ. ಜನವರಿಯಲ್ಲಿ ಆರೋಪಿಯನ್ನು ಬೈಲಹೊಂಗಲದ ಕಣ್ಣಿನ ದವಾಖಾನೆಗೆ ಒಯ್ಯಬೇಕೆಂಬ ಹುಕುಂ ಆಯಿತು. ನಿಜಗುಣಪ್ಪ ಅರ್ಧ ದಾರಿಯಲ್ಲಿ ತಿರುಗಲಿಲ್ಲ, ಡ್ಯೂಟಿಯ ಮೇಲಿದ್ದರಲ್ಲ. ಅಲ್ಲಿ ಪೊರೆ ತೆಗೆದದ್ದು ಅವರ ಬಲಗಣ್ಣಿನದು.

ಕಣ್ಣಿನ ಪಟ್ಟಿ ಬಿಚ್ಚಿದ ಮೇಲೆ ಮೊದಲ ಸಲ ಠಾಣೆಗೆ ಬಂದವರು ಗೂಟದ ಕಡೆ ನೋಡಿದರು. "ಪರಸ್ಯಾ, ಅಂಗಿ ಹಾಕ್ಕೋ," ಎಂದರು. ಆಮೇಲೆ ತಮ್ಮ ಕೈಯಲ್ಲಿದ್ದ ಕೈಯನ್ನು, ಅದರ ಬಳೆಗಳನ್ನು, ಕೊನೆಗೆ ಮುಖವನ್ನು ನೋಡಿದರು.

"ಅಲ್ರಿ ಸಾಹೇಬ್ರ, ಇಕಿ ನನ್ನ ಹೇಂತಿ! ಕಳ್ಳಿ ಎಲ್ಲಿ?"

"ಇವ್ರ ರೀ," ಎಂದರು ಗೌರೀಶರು.

ನಿಜಗುಣಪ್ಪ ಹೆಂಡತಿಯನ್ನೇ ನೋಡುತ್ತ ನಿಂತರು. ನಗು ಹೊಟ್ಟೆಯಿಂದ ಎದ್ದು ಬಂತು. ಪರಸಪ್ಪ ನಕ್ಕ, ಭಾಗೀರಥಿ ನಕ್ಕಳು, ಸುಂದರವ್ವ ಸೆರಗು ಬಾಯಿಗಿಟ್ಟುಕೊಂಡರು. ಮುದುಕರ ನಗು ಎಲ್ಲರದನ್ನೂ ಮುಳುಗಿಸಿತು. ಪಟಗ ಕಿವಿಯ ಮೇಲೆ ಜಾರಿತು.

"ಇನ್ನ ಕೈ ಬಿಡ್ರಿ," ಎಂದರು ಸುಂದರವ್ವ.

"ಬಿಡಾಕ ಬರಂಗಿಲ್ಲ," ಎಂದರು ನಿಜಗುಣಪ್ಪ, ಕಣ್ಣೊರೆಸಿಕೊಳ್ಳುತ್ತ. "ನೀ ಓಡಿ ಹೋದ್ರ ಸಾಹೇಬ್ರು ನನ್ನ ಕೇಳತಾರ."