ಮೆಕ್ಕೆಜೋಳದ ಹಸಿರು

ವಿಧವೆಯ ಕೈಗೆ ಗಂಡಸು ಹೊಸ ಸೀರೆ ಕೊಟ್ಟರೆ ಅದರ ಅರ್ಥವೇನೆಂದು ಮೌನೇಶನಿಗೆ ಯಾರೂ ಹೇಳಿರಲಿಲ್ಲ. ಅವನ ಮನೆತನದಲ್ಲಿ ಆ ಪದ್ಧತಿಯೇ ಇಲ್ಲ. ಹಾಗಾಗಿ ಕೊಟ್ಟೂರಿನ ಆ ಓಣಿಯಲ್ಲಿ, ಹಾಡುಹಗಲೇ, ಯಶೋಧಾಳ ಅತ್ತೆ ನಾಗಲಿಂಗಮ್ಮ ಹೊಸ್ತಿಲ ಪಕ್ಕ ಕುಳಿತು ಅಕ್ಕಿ ಆರಿಸುತ್ತಿರುವಾಗಲೇ, ಸೈಕಲ್ ನಿಲ್ಲಿಸಿ, ಚೀಲದಿಂದ ಸೀರೆ ತೆಗೆದು ಯಶೋಧಾಳ ಕೈಗೆ ಕೊಟ್ಟುಬಿಟ್ಟ.

"ತಗೋರಿ. ನೀವು ಕೇಳಿದ್ದ ಹಸಿರು ಕಡಿಗೂ ಸಿಕ್ತು," ಎಂದು ನಕ್ಕ ಬೇರೆ.

ನಾಗಲಿಂಗಮ್ಮನ ಕೈಯ ಮೊರ ನಿಂತಿತು. ಎದುರು ಮನೆಯ ಚೌಡಕ್ಕ ಕಸಬರಿಗೆ ಹಿಡಿದವಳು ಹಿಡಿದಂತೆಯೇ ನಿಂತಳು.

ಯಶೋಧಾಳ ಮಂದಿಯಲ್ಲಿ ಅದನ್ನು ಉಡಿಕಿ ಎನ್ನುತ್ತಾರೆ. ಗಂಡ ಸತ್ತವಳ ಮರುಮದುವೆ. ಅದಕ್ಕೆ ಹಂದರವಿಲ್ಲ, ಓಲಗವಿಲ್ಲ, ಅಕ್ಕಿಕಾಳು ಹಾಕುವವರಿಲ್ಲ. ಹಿರಿಯರ ಎದುರು ಅವನು ಹೊಸ ಸೀರೆ ಕೊಡುತ್ತಾನೆ, ಅವಳು ಉಡುತ್ತಾಳೆ. ಮುಗಿಯಿತು.

ಯಶೋಧಾ ಸೀರೆಯನ್ನು ಬಿಸಿಲಿಗೆ ಹಿಡಿದು ನೋಡಿದಳು. ಮೆಕ್ಕೆಜೋಳ ತೆನೆ ಬಿಡುವ ಮುಂಚಿನ ಹಸಿರು. ಸರಿಯಾಗಿತ್ತು. ಒಳಗೆ ಹೋಗಿ ಗಂಡನ ದೊಡ್ಡ ಕತ್ತರಿ ತಂದಳು. ಎಲ್ಲರೂ ನೋಡುತ್ತಿರುವಂತೆಯೇ ಕಟ್ಟೆಯ ಮೇಲೆ ಕುಳಿತು ಸೀರೆಯನ್ನು ನಡುವೆ ಕತ್ತರಿಸಿದಳು.

ಚೌಡಕ್ಕ ಮತ್ತೆ ಕಸ ಗುಡಿಸತೊಡಗಿದಳು. ಉತ್ತರ ಸಿಕ್ಕಿತಲ್ಲ, ಇನ್ನು ನಿಂತು ನೋಡುವುದೇನಿದೆ.

"ಏನಪಾ ಮೌನೇಶಿ," ನಾಗಲಿಂಗಮ್ಮ ಮೊರ ಕೆಳಗಿಟ್ಟಳು. "ನಮ್ಮ ಮಂದ್ಯಾಗ ಗಂಡ ಸತ್ತಾಕಿಗೆ ಹೊಸ ಸೀರಿ ಕೊಡೋದಂದ್ರ, ಉಡಿಕಿ ಮಾಡ್ಕೊಂತೀನಿ ಅಂತ ಕೇಳಿದಂಗ. ಗೊತ್ತೈತೋ ಇಲ್ಲೋ?"

ಮೌನೇಶನ ಕಿವಿಯ ತುದಿಗಳು ಕೆಂಪಾದವು. "ಅವ್ವಾ, ಕೌದಿಗಂತ ತಂದಿದ್ದು... ಇವ್ರೇ ಹಸಿರು ಬೇಕಂದಿದ್ರು..." ಎಂದು ತೊದಲಿದ. ಸ್ಟ್ಯಾಂಡ್ ಎತ್ತುವುದನ್ನೂ ಮರೆತು ಸೈಕಲ್ ಏರಿದ. ಓಣಿಯ ತುದಿಯವರೆಗೂ ಆ ಸ್ಟ್ಯಾಂಡ್ ಕಲ್ಲಿಗೆ ತಾಗಿ ಕಟಕಟ ಎನ್ನುತ್ತಲೇ ಹೋಯಿತು. ಬೇರೆ ಯಾವ ಹೆಣ್ಣಾದರೂ ಬಾಯಿಗೆ ಸೆರಗು ಒತ್ತಿ ನಗುತ್ತಿದ್ದಳು. ಯಶೋಧಾ ಸೀರೆಯ ಇನ್ನೊಂದು ಮಡಿಕೆ ಬಿಚ್ಚಿದಳು.

ಅವಳಿಗೆ ನಗು ಬರುತ್ತಿರಲಿಲ್ಲ. ಅಳುವೂ ಬರುತ್ತಿರಲಿಲ್ಲ. ಟೇಲರ್ ಗಾದಿಲಿಂಗ ಕಾಮಾಲೆಗೆ ತೀರಿಕೊಂಡ ದಿನ ಓಣಿಯೇ ಅತ್ತಿತ್ತು; ಅವಳು ಮಾತ್ರ ಬಂದವರಿಗೆ ಚಾಪೆ ಹಾಸುತ್ತಿದ್ದಳು. "ಕಲ್ಲಿನಂಥಾ ಹೆಂಗ್ಸು" ಎಂದರು. ಊರ ಬಾಯಿಗೆ ಮುಚ್ಚಳ ಹಾಕುವವರು ಯಾರು? ಆಮೇಲಂತೂ ಕುದಿಯುವ ಚಹಾ ಕುಡಿದರೂ ಅವಳ ನಾಲಿಗೆಗೆ ತಿಳಿಯುತ್ತಿರಲಿಲ್ಲ. ಸೂಜಿ ಚುಚ್ಚಿದರೆ, ಬಟ್ಟೆಯ ಮೇಲೆ ಕೆಂಪು ಚುಕ್ಕೆ ಕಂಡಾಗಲೇ ಗೊತ್ತಾಗುತ್ತಿತ್ತು.

ಗಾದಿಲಿಂಗ ಬಿಟ್ಟುಹೋದದ್ದು ಒಂದು ಮಶಿನ್ನು, ಒಂದು ಕತ್ತರಿ, ಗೋಡೆಗೆ ಒರಗಿಸಿದ್ದ ಬಟ್ಟೆ ಚೂರುಗಳ ಮೂಟೆಗಳು. ಚೂರುಗಳಿದ್ದವು ಎಂದು ಅವಳು ಕೌದಿ ಹೊಲೆಯಲು ಕುಳಿತಳು. ಅತ್ತೆ ಕಲಿಸಿದ್ದ ಕೌದಿಯಲ್ಲಿ ಚೌಕಗಳಿರುತ್ತಿದ್ದವು. ಇವಳ ಕೈಯಲ್ಲಿ ಅವು ಚೌಕವಾಗಲಿಲ್ಲ. ಕಂದು ಪ್ಯಾಂಟಿನ ಚೂರುಗಳು ಒಂದರ ಮೇಲೊಂದು ಕುಳಿತು ಕೂಡ್ಲಿಗಿ ಕಡೆಯ ಬಂಡೆಗುಡ್ಡಗಳಾದವು. ಕಪ್ಪು ಕೋಟಿನ ಬಟ್ಟೆ ಹಡಗಲಿಯ ಎರೆಹೊಲವಾಯಿತು. ಗಂಡನ ಟಿವಿಎಸ್ ಹಿಂದೆ ಕುಳಿತು ನೋಡಿದ್ದ ದಾರಿಗಳೆಲ್ಲ ಹೀಗೆ ಒಂದೊಂದಾಗಿ ಹೊರಗೆ ಬಂದವು.

ಬಸ್ ಸ್ಟ್ಯಾಂಡ್ ಹತ್ತಿರ ಮೌನೇಶನದು ಫೋಟೋಗಳಿಗೆ ಕಟ್ಟು ಹಾಕುವ ಅಂಗಡಿ. ದೇವರು, ಮದುವೆಯಾದವರು, ಸತ್ತವರು, ಎಲ್ಲರೂ ಅಲ್ಲಿ ಒಂದೇ ಗೋಡೆಗೆ ಒರಗಿರುತ್ತಾರೆ. ಗಾದಿಲಿಂಗನ ಫೋಟೋವನ್ನು ಅವಳು ಕೌದಿಯಲ್ಲಿ ಸುತ್ತಿ ತಂದಿದ್ದಳು. ಅವನು ಫೋಟೋ ಬದಿಗಿಟ್ಟು ಕೌದಿಯನ್ನೇ ನೋಡುತ್ತ ಕುಳಿತ.

"ಇದು ಕೂಡ್ಲಿಗಿ ದಾರಿ ಅಲ್ಲೇನ್ರಿ? ಈ ಗುಡ್ಡ ದಾಟಿದ್ರ ತಿರುವು ಬರ್ತೈತಿ. ಇಲ್ಲೇ ನನ್ನ ಸೈಕಲ್ ಚೈನು ಕಳಚಿತ್ತು."

"ಹೌದೇನ್ರಿ," ಎಂದಳು ಯಶೋಧಾ.

"ಚೈನೂ ಹೊಲಿರಿ ಮತ್ತ, ಒಂದು ಮೂಲ್ಯಾಗ."

ಅವಳು ಅವನ ಮುಖ ನೋಡಿದಳು. ಅವನು ತಮಾಷೆ ಮಾಡುತ್ತಿದ್ದಾನೆಂದು ಅವಳಿಗೆ ಹೊಳೆದದ್ದು ಮನೆಗೆ ಬಂದ ಮೇಲೆ.

ಆ ಕೌದಿಯನ್ನು ಅವನು ಕೇಳಿ ಇಸಿದುಕೊಂಡು ಅಂಗಡಿಯಲ್ಲಿ ತೂಗುಹಾಕಿದ. ಹರಪನಹಳ್ಳಿಯ ರಿಟೈರ್ಡ್ ಡ್ರಾಯಿಂಗ್ ಮಾಸ್ತರ್ ಗುರುಸಂಗಪ್ಪ ಅಲ್ಲಿಯೇ ಅದನ್ನು ನೋಡಿದ್ದು. ಮೆಕ್ಕೆಜೋಳದ ಮಂಡಿಯೊಂದರ ಮಾಳಿಗೆಯಲ್ಲಿ ಮಾಸ್ತರರು ಒಂದು ಗ್ಯಾಲರಿ ತೆರೆದಿದ್ದರು. "ಚಿತ್ರ ಅಂದ್ರೆ ಬಣ್ಣದ್ದೇ ಆಗ್ಬೇಕಾ? ನಮ್ಮ ಸೀಮೆ ತೋರ್ಸಮ್ಮ, ಬಟ್ಟೇಲೇ ತೋರ್ಸು," ಎಂದು ದೀಪಾವಳಿ ಮುಂಚಿನ ಪ್ರದರ್ಶನಕ್ಕೆ ಒಪ್ಪಿಸಿದರು.

ದೊಡ್ಡ ಕೌದಿಯೊಂದು ಅರ್ಧಕ್ಕೆ ನಿಂತಿತ್ತು. ಮೇಲೆ ಗಾದಿಲಿಂಗನ ನೀಲಿ ಲುಂಗಿಯ ಆಕಾಶ. ಕೆಳಗೆ ಹೊಲ ಬರಬೇಕು. ಆ ಹಸಿರು ಯಾವ ಮೂಟೆಯಲ್ಲೂ ಇರಲಿಲ್ಲ. "ಸಿಕ್ಕಿದ್ರ ಹೇಳ್ರಿ," ಎಂದು ಮೌನೇಶನಿಗೆ ಸುಮ್ಮನೆ ಅಂದಿದ್ದಳು, ಅಷ್ಟೇ.

ಸೀರೆ ಕತ್ತರಿಸಿದ ಮೇಲೆ ಅವನು ಆ ಓಣಿಗೆ ಬರಲಿಲ್ಲ. ಅವಳಿಗೆ ಬೇಜಾರಾಯಿತೇ ಎಂದರೆ, ಇಲ್ಲ. ಚಹಾ ಹೊತ್ತಿಗೆ ಯಾರದಾದರೂ ಸೈಕಲ್ ಸದ್ದಾದರೆ ತಲೆ ಎತ್ತುತ್ತಿದ್ದಳು, ಮತ್ತೆ ತಗ್ಗಿಸುತ್ತಿದ್ದಳು. ಹೊಲಿಗೆಯ ಸಾಲು ಅಲ್ಲಲ್ಲಿ ಸೊಟ್ಟಗಾಗುತ್ತಿತ್ತು. ಬಿಚ್ಚಿ ಮತ್ತೆ ಹೊಲೆಯುತ್ತಿದ್ದಳು. ಹಸಿರೆಲ್ಲ ಹೊಲವಾದ ಮೇಲೆ ಸೆರಗೊಂದು ಉಳಿಯಿತು, ಹಳದಿ ಅಂಚಿನದು. ಕತ್ತರಿ ಹಿಡಿದು ಬಹಳ ಹೊತ್ತು ಕುಳಿತಳು. ಕಡೆಗೆ ಅದನ್ನು ಕತ್ತರಿಸದೆ, ಇಡಿಯಾಗಿ ಕೌದಿಯ ಅಂಚಿಗೆ ಹೊಲೆದಳು.

ಪ್ರದರ್ಶನದ ಬೆಳಿಗ್ಗೆ ಬಸ್ಸಿನಲ್ಲಿ, ತೊಡೆಯ ಮೇಲಿದ್ದ ಗಂಟನ್ನು ಸವರುತ್ತ ಅತ್ತೆ ಕೇಳಿದಳು, "ಸೆರಗು ಯಾಕ ಕತ್ತರಿಸಲಿಲ್ಲ?"

"ಗೊತ್ತಿಲ್ಲತ್ತಿ."

"ಹೂಂ," ಎಂದ ನಾಗಲಿಂಗಮ್ಮ ಹರಪನಹಳ್ಳಿ ಬರುವವರೆಗೂ ಕಿಟಕಿಯ ಹೊರಗೇ ನೋಡುತ್ತಿದ್ದಳು.

ಮಾಳಿಗೆಯಲ್ಲಿ ಮೌನೇಶ ಸ್ಟೂಲಿನ ಮೇಲೆ ನಿಂತು ಮೊಳೆ ಹೊಡೆಯುತ್ತಿದ್ದ. ಅವಳನ್ನು ಕಂಡು ಬಾಯಲ್ಲಿದ್ದ ಮೊಳೆಗಳನ್ನು ಉಗುಳಿ ಕೆಳಗಿಳಿದ. ಇಬ್ಬರೂ ಸೇರಿ ದೊಡ್ಡ ಕೌದಿಯನ್ನು ಬಿಚ್ಚಿದರು. ಒಂದು ತುದಿ ಅವಳ ಕೈಯಲ್ಲಿ, ಇನ್ನೊಂದು ಅವನ ಕೈಯಲ್ಲಿ. ಹೊಲ ಪೂರ್ತಿ ಹರಡಿಕೊಂಡಿತು.

"ಸಿಟ್ಟು ಬಂದೈತೇನ್ರಿ?" ಎಂದ ಅವನು ಮೆಲ್ಲಗೆ.

"ಇಲ್ರಿ."

"ಉಡಿಕಿ ಸುದ್ದಿ ನನಗ ಖರೇನೂ ಗೊತ್ತಿರಲಿಲ್ರಿ. ಕೌದಿಗಂತಾನ ಹೋಗಿದ್ದೆ. ಆದ್ರ..." ಅವನು ಕೌದಿಯ ಅಂಚನ್ನು ಬೆರಳಿಗೆ ಸುತ್ತಿಕೊಂಡ. "ಅಂಗಡ್ಯಾವ ಸೀರಿ ಬಿಚ್ಚಿ ತೋರಿಸಿದಾಗ ನೀವು ಉಟ್ಟಂಗ ಕಂಡಿರಿ. ಅದಕ್ಕ ಅರ್ಧ ಮೀಟರ್ ಬಟ್ಟಿ ಬಿಟ್ಟು ಸೀರಿನ ತಂದೆ. ಸುಳ್ಳು ಹೇಳಂಗಿಲ್ಲ. ಗೊತ್ತಿದ್ದಿದ್ರೂ ತರ್ತಿದ್ದೆ."

ಯಶೋಧಾ ಅವನನ್ನೇ ನೋಡಿದಳು. ರೆಪ್ಪೆಯ ಮೇಲೆ ಮರದ ಪುಡಿ ಕುಳಿತಿತ್ತು. ಒರೆಸಬೇಕು ಅನ್ನಿಸಿತೋ ಇಲ್ಲವೋ, ಅವಳಿಗೇ ತಿಳಿಯಲಿಲ್ಲ.

"ನನಗ ಇತ್ತೀಚಿಗೆ ಏನೂ ಅನಸಂಗಿಲ್ರಿ," ಎಂದಳು. "ಒಳ್ಳೇದೂ ಇಲ್ಲ, ಕೆಟ್ಟದ್ದೂ ಇಲ್ಲ. ನಿಮಗ ಮೋಸ ಆಗಬಾರದು."

"ನನಗ ಅನಸ್ತೈತಲ್ರಿ," ಅವನು ನಕ್ಕ. "ಸದ್ಯಕ್ಕ ಇಬ್ಬರ ಪಾಲಿಂದೂ ನಾನ ಅನಸ್ಕೊಂತೀನಿ. ನೀವು ಆಮ್ಯಾಲ ನಿಧಾನಕ್ಕ ತೀರಸ್ರಿ."

ಅವಳ ತುಟಿಯ ಒಂದು ಕೊನೆ ಅಲುಗಿತು. ಅದನ್ನು ನಗು ಎನ್ನಲಾಗದು. ಮೌನೇಶ ಮಾತ್ರ ಅದನ್ನು ನಗುವೆಂದೇ ಎಣಿಸಿ, ಮೊಳೆ ಬಿಟ್ಟು ಬೆರಳಿಗೇ ಸುತ್ತಿಗೆ ಹೊಡೆದುಕೊಂಡ.

ಹತ್ತು ಗಂಟೆಯ ಮೇಲೆ ಜನ ಬಂದರು. ಕೆಳಗಿನ ಮಂಡಿಯ ಹಮಾಲರು ಬಂದರು, ಹೈಸ್ಕೂಲಿನ ಹುಡುಗಿಯರು ಬಂದರು. ಹೊಳಲಿನಿಂದ ಬಂದ ರೈತನೊಬ್ಬ ದೊಡ್ಡ ಕೌದಿಯ ಮುಂದೆ ಕೈಕಟ್ಟಿ ನಿಂತು, "ಈ ಹೊಲಕ್ಕ ನೀರು ಕಡಿಮಿ ಆಗೈತಿ, ಅಂಚಿಗೆ ಹಳದಿ ತಿರುಗೈತಿ ನೋಡು," ಎಂದು ಗಂಭೀರವಾಗಿ ಹೇಳಿದ. ನಾಗಲಿಂಗಮ್ಮ ಕೌದಿಯ ಪಕ್ಕದ ಕುರ್ಚಿ ಬಿಟ್ಟು ಏಳಲಿಲ್ಲ. ಬಂದವರಿಗೆಲ್ಲ ಆಕಾಶ ತೋರಿಸಿ, "ಇದು ನನ್ನ ಮಗನ ಲುಂಗಿ," ಎನ್ನುತ್ತಿದ್ದಳು.

"ಕೆಳಗಿನ ಹಸಿರು ಯಾರ್ದಜ್ಜಿ?" ಎಂದಳು ಒಬ್ಬ ಹುಡುಗಿ.

ನಾಗಲಿಂಗಮ್ಮ ಸುತ್ತಿಗೆ ಹಿಡಿದು ನಿಂತವನ ಕಡೆ ಗದ್ದ ತಿರುಗಿಸಿದಳು. "ಅದನ್ನ ಆತನ್ನ ಕೇಳವಾ. ಕೊಟ್ಟಾತಗ ಬಾಯಿ ಇಲ್ಲೇನು?"

ಮೌನೇಶ ಇಲ್ಲದ ಮೊಳೆ ಹುಡುಕುತ್ತ ಬಗ್ಗಿದ.

ಸಂಜೆ ಜನ ಕರಗಿದ ಮೇಲೆ ಗುರುಸಂಗಪ್ಪ ಮಾಸ್ತರರು ಬಂದರು. "ಇದು ಇಲ್ಲೇ ಗೋಡೆ ಮೇಲೇ ಇರ್ಲಮ್ಮ, ಕಾಯಂ ಆಗಿ. ಇಂಥದ್ದು ಮನೆಗೆ ಹೋದ್ರೆ ಹಾಸಿ ಹೊದ್ದು ಹಾಳಾಗುತ್ತೆ."

ಬೇರೆ ದಿನವಾಗಿದ್ದರೆ ಯಶೋಧಾ ಹೂಂ ಎನ್ನುತ್ತಿದ್ದಳು. ಏನು ಕೇಳಿದರೂ ಹೂಂ ಎನ್ನುವುದೇ ಅವಳಿಗೆ ಸುಲಭವಾಗಿತ್ತು.

"ಉಳಿದವೆಲ್ಲಾ ಇಟ್ಕೊಳ್ರಿ ಸರ್," ಎಂದಳು. "ಇದೊಂದು ಬ್ಯಾಡ. ಇದು ನನಗ ಬೇಕು."

ಬೇಕು ಎಂಬ ಮಾತು ತನ್ನ ಬಾಯಿಂದ ಬಂದದ್ದು ಅವಳಿಗೇ ಹೊಸದಾಗಿತ್ತು. ಆಮೇಲೆ ಸ್ಟೂಲು ಹತ್ತಿ ತಾನೇ ಕೌದಿ ಬಿಚ್ಚಿದಳು. ಕೆಳಗಿಳಿದು ಅತ್ತೆಯ ಮುಂದೆ ನಿಂತಳು. ಮೌನೇಶ ಎರಡು ಮಾರು ದೂರದಲ್ಲಿದ್ದ.

ನಾಗಲಿಂಗಮ್ಮನಿಗೆ ಅರ್ಥವಾಯಿತು. ಲುಂಗಿಯ ಆಕಾಶದ ಮೇಲೆ ಒಮ್ಮೆ ಕೈಯಾಡಿಸಿದಳು. ಅವಳ ಕಣ್ಣು ತುಂಬಿದವು, ದನಿ ಮಾತ್ರ ಗಡುಸಾಗಿಯೇ ಇತ್ತು.

"ಕತ್ತರಿಸಿದ ಸೀರಿ ಉಡಾಕ ಬರಂಗಿಲ್ಲವ್ವಾ."

"ಉಡಾಕ ಬರಂಗಿಲ್ಲತ್ತಿ," ಎಂದಳು ಯಶೋಧಾ. "ಹೊಲದೀನಿ. ಹೊದಿಯಾಕ ಬರ್ತೈತಿ."

"ಮತ್ತ ನಿಂತೀ ಯಾಕ? ಹೊದ್ಕೋ. ಸೆರಗು ಮುಂದಕ್ಕ ಬರ್ಲಿ."

ಮಾಸ್ತರರು ಏನೂ ತಿಳಿಯದೆ ಕನ್ನಡಕ ಒರೆಸಿಕೊಂಡರು. ಮೌನೇಶನ ಕೈಯ ಸುತ್ತಿಗೆ ನೆಲಕ್ಕೆ ಬಿತ್ತು.

ಯಶೋಧಾ ಕೌದಿಯನ್ನು ಹೆಗಲ ಸುತ್ತ ಎಳೆದುಕೊಂಡಳು. ಹಳದಿ ಅಂಚಿನ ಸೆರಗು ಎದೆಯ ಮೇಲೆ ಬಂತು. ಹೆಗಲ ಮೇಲಿನ ಅದರ ಮಡಿಕೆಯಲ್ಲಿ, ಕಡೆಯ ಹೊಲಿಗೆ ಹಾಕಿದಾಗ ಮರೆತು ಬಿಟ್ಟಿದ್ದ ಸೂಜಿಯೊಂದಿತ್ತು.

"ಆಯ್!" ಎಂದು ಅವಳು ಹೆಗಲು ಹಿಡಿದುಕೊಂಡಳು.

ಮೌನೇಶ ಓಡಿಬಂದ. "ಏನಾತ್ರಿ? ಎಲ್ಲಿ?"

ಗಾದಿಲಿಂಗ ಹೋದ ದಿನ ಬಾರದ ಕಣ್ಣೀರು ಈಗ ಅವಳ ಕೆನ್ನೆಯ ಮೇಲಿಂದ ಗದ್ದಕ್ಕೆ, ಗದ್ದದಿಂದ ಆ ಹಸಿರಿನ ಮೇಲೆ ಇಳಿಯುತ್ತಿತ್ತು. ಅವನ ರೆಪ್ಪೆಯ ಮೇಲೆ ಇನ್ನೂ ಉಳಿದಿದ್ದ ಮರದ ಪುಡಿಯನ್ನು ಅವಳು ಬೆರಳಿನಿಂದ ಒರೆಸಿದಳು.

"ಚುಚ್ಚಿತ್ರೀ," ಎಂದಳು ಯಶೋಧಾ, ಅಳುತ್ತಲೇ, ನಗುತ್ತಲೇ. "ಖರೇನ ನೋವಾತು."