ತೊಡೆ ಎಂದು ಬರೆದ ಹುಣ್ಣು

ಬೆಟಗೇರಿಯ ಆರೋಗ್ಯ ಕೇಂದ್ರದಲ್ಲಿ ಪರದೆಯ ಹಿಂದೆ ಒಂದು ಸಣ್ಣ ಪೆಟ್ಟಿಗೆ ಇತ್ತು. ೨೦೬೧ರ ಹೊತ್ತಿಗೆ ಅಂಥ ಪೆಟ್ಟಿಗೆ ಇಲ್ಲದ ಊರು ಕಡಿಮೆ. ಅದು ಕೊಡುವ ತೆಳುಪಟ್ಟಿಯನ್ನು ಹುಣ್ಣಿನ ಮೇಲೆ ಒಂದು ನಿಮಿಷ ಒತ್ತಿ ಮತ್ತೆ ಒಳಗಿಟ್ಟರೆ ಸಾಕು. ಅಲ್ಲಿನ ಜೀವಕೋಶಗಳು ಎಷ್ಟು ಬಿರುಸಾಗಿ ಹೆಚ್ಚುತ್ತಿವೆ ಎಂಬುದನ್ನು ಓದಿ, ಎಷ್ಟು ದಿನದಲ್ಲಿ ಮಾಯುತ್ತದೆ ಎಂದು ಪೆಟ್ಟಿಗೆ ಹೇಳುತ್ತಿತ್ತು. ತೊಡೆ, ಮೊಣಕೈಯಂಥ ಕಡೆ ಉಜ್ಜಿ ಉಜ್ಜಿ ದಪ್ಪಗಾದ ಚರ್ಮದಲ್ಲಿ ಈ ಬಿರುಸು ಗುಣವಾಗುವ ಲಕ್ಷಣ. ಬೇರೆ ಕಡೆಯ ತೆಳು ಚರ್ಮದಲ್ಲಿ ಅದೇ ಅಪಾಯದ ಸೂಚನೆ. ಆದ್ದರಿಂದ ಮೊದಲು ಅದು ಒಂದು ಪ್ರಶ್ನೆ ಕೇಳುತ್ತಿತ್ತು: "ಹುಣ್ಣು ಎಲ್ಲಿ ಆಗಿದೆ?"

"ತೊಡಿಗೆ" ಎಂದಳು ನಿಂಬೆವ್ವ. ಐವತ್ತೆಂಟರ ನೇಕಾರಳು.

"ತಿಕ್ಕಾಟದ ಗಾಯ. ಇಪ್ಪತ್ತು ದಿನದಲ್ಲಿ ಮಾಯುತ್ತದೆ."

ಯಾರ ಮುಂದೆಯೂ ಸೀರೆ ಸರಿಸಬೇಕಾಗಲಿಲ್ಲ. ಅವಳು ನಿರಾಳವಾಗಿ ಮನೆಗೆ ನಡೆದಳು.

ಪೆಟ್ಟಿಗೆಯನ್ನು ರೂಪಿಸಿದವಳು ಮೈಸೂರಿನ ಜೀವವಿಜ್ಞಾನಿ ಶಾರ್ವರಿ. ಹೇಳಿದ ದಿನಕ್ಕೆ ಮಾಯದ ಹುಣ್ಣುಗಳ ಪಟ್ಟಿ ನೋಡುತ್ತಿದ್ದಾಗ ಅವಳಿಗೆ ಒಂದು ವಿಚಿತ್ರ ಕಂಡಿತು. ಬೆಟಗೇರಿಯಲ್ಲಿ ಅಂಥವು ಹೆಚ್ಚಿನವು ಹೆಂಗಸರವು, ಬಹುಪಾಲು ತೊಡೆಯವು. ಮಗ್ಗದ ಹಲಗೆ ಉಜ್ಜುತ್ತಿರಬೇಕು ಎಂದುಕೊಂಡಳು. ಜೀವಕೋಶ ಓದಿ ಹೆಣ್ಣೋ ಗಂಡೋ ತಿಳಿಯುತ್ತಿದ್ದ ಪೆಟ್ಟಿಗೆ ಹೆಸರು ಕೇಳುತ್ತಿರಲಿಲ್ಲ. ಆದರೆ ಮೂರನೆಯ ಸಲ ತೆಳುಪಟ್ಟಿ ಕೇಳಿ ಬಂದ ನಿಂಬೆವ್ವಳ ಗುರುತು ಕೇಂದ್ರದ ನರ್ಸ್ ದಿಲ್‌ಶಾದಳಿಗೆ ಇತ್ತು. ಇಬ್ಬರೂ ಅವಳ ಮನೆಗೆ ಹೋದರು.

ಕಾಲು ಇಳಿಬಿಡಲು ನೆಲದಲ್ಲಿ ಕುಣಿ ತೋಡಿದ ಹಳೆಯ ಮಗ್ಗ. ಶಾರ್ವರಿ ತಾನೇ ಕೂತು ನೋಡಿದಳು, ಹಿಂದೆ ಮುಂದೆ ಸರಿದಳು.

"ಇಲ್ಲಿ ಉಜ್ಜೋಕೆ ತೊಡೆಗೆ ಏನೂ ತಾಗೋದೇ ಇಲ್ಲವಲ್ಲ?"

ನಿಂಬೆವ್ವ ಕಡಿದ ಎಳೆಯೊಂದನ್ನು ಹೊಸೆಯುತ್ತ ತಲೆ ಎತ್ತಲಿಲ್ಲ. ದಿಲ್‌ಶಾದ್ ನಕ್ಕಳು.

"ಮೇಡಂ, ನಮ್ಮ ಕಡಿ ಹೆಣ್ಮಕ್ಕಳ ತೊಡಿ ಭಾಳ ದೊಡ್ಡದರಿ. ಸೊಂಟದಿಂದ ಮೊಣಕಾಲ ತನಕಾ ಎಲ್ಲಾ ತೊಡೀನ."

ನಗುತ್ತಿದ್ದವಳು ಅರ್ಧಕ್ಕೇ ನಿಲ್ಲಿಸಿದಳು. ತಾನೇನು ಹೇಳಿದೆ ಎಂಬುದು ಅವಳಿಗೂ ಆಗಲೇ ಹೊಳೆದಿತ್ತು. ಹೋಗಿ ಬೀದಿಯ ಬಾಗಿಲು ಮುಚ್ಚಿ ಬಂದಳು.

"ಒಂದಕ್ಕ ಹೋಗೂ ಜಾಗದಾಗ ಐತ್ರಿ" ಎಂದಳು ನಿಂಬೆವ್ವ, ಎಳೆಗೆ ಹೇಳಿದಂತೆ.

ಒಳಕೋಣೆಯಲ್ಲಿ ದಿಲ್‌ಶಾದ್ ನೋಡಿ ಬಂದಳು. ನಾಣ್ಯದಗಲದ ಹುಣ್ಣು, ಅಂಚು ಗಟ್ಟಿಯಾಗಿದೆ, ಮುಟ್ಟಿದರೆ ರಕ್ತ ಬರುತ್ತದೆ.

"ನೋವಿತ್ತಾ?" ಎಂದು ಕೇಳಿದಳು ಶಾರ್ವರಿ.

"ಮೊದ್ಲು ಇರಲಿಲ್ರಿ. ಅದಕ್ಕ ಸುಮ್ಮನಿದ್ದೆ."

"ಎಷ್ಟು ದಿನ ಆಯ್ತು?"

ನಿಂಬೆವ್ವ ಗೋಡೆಯ ಕ್ಯಾಲೆಂಡರ್ ಕಡೆ ನೋಡಿದಳು. ಹುಣ್ಣು ಕಂಡ ದಿನದಿಂದ ಒಂದೊಂದು ತಾರೀಖಿನ ಮೂಲೆಯಲ್ಲೂ ಕೆಂಪು ಪೆನ್ಸಿಲ್ಲಿನ ಸಣ್ಣ ಚುಕ್ಕಿ. "ಇವತ್ತಿಗೆ ಎಪ್ಪತ್ತೊಂದು."

"ಇವತ್ತೇ ದೊಡ್ಡಾಸ್ಪತ್ರೆಗೆ ಹೋಗೋಣಮ್ಮ. ಒಂದು ಚೂರು ತೆಗೆದು ಪರೀಕ್ಷೆ ಮಾಡ್ತಾರೆ. ಬರೀ ಸೋಂಕಾದ್ರೆ ಔಷಧಕ್ಕೆ ಹೋಗುತ್ತೆ. ಕ್ಯಾನ್ಸರೂ ಇರಬಹುದು. ಕಾಯೋ ಹಾಗಿಲ್ಲ."

"ನಿಮ್ಮ ಪೆಟ್ಟಗಿ ಇಪ್ಪತ್ತು ದಿನ ಅಂತಲ್ರಿ."

"ನೀವು ತೊಡೆ ಅಂದ್ರಿ."

"ಅದು ಗಂಡಸಿನ ದನಿಯಾಗ ಕೇಳ್ತು. ಮತ್ತೇನಂತ ಹೇಳ್ಲಿ?"

ಆ ದನಿಯನ್ನು ಆರಿಸಿದ್ದು ಶಾರ್ವರಿಯೇ. ಗಂಭೀರವಾಗಿದ್ದರೆ ಜನ ನಂಬುತ್ತಾರೆ ಎಂದು.

ಅದು ಕ್ಯಾನ್ಸರೇ ಆಗಿತ್ತು. ಹುಣ್ಣನ್ನೂ ಸುತ್ತಲಿನ ಭಾಗವನ್ನೂ ತೆಗೆದರು. ಜೀವ ಉಳಿಯಿತು. ಇನ್ನೂ ಮೊದಲೇ ಬಂದಿದ್ದರೆ ಇಷ್ಟು ಕೊಯ್ಯಬೇಕಾಗುತ್ತಿರಲಿಲ್ಲ ಎಂದರು ವೈದ್ಯರು. ನಿಂಬೆವ್ವ ಈಗ ಮೆತ್ತೆ ಹಾಕಿಕೊಂಡು ಅರ್ಧ ಗಂಟೆ ಕೂರುತ್ತಾಳೆ, ಏಳುತ್ತಾಳೆ. ಒಂದು ಸೀರೆಗೆ ತಿಂಗಳು ಹಿಡಿಯುತ್ತದೆ.

ಶಾರ್ವರಿ ಪೆಟ್ಟಿಗೆಯಿಂದ "ಎಲ್ಲಿ" ಎಂಬ ಪ್ರಶ್ನೆಯನ್ನು ತೆಗೆದುಹಾಕಿದಳು. ಈಗ ಅದು ದಿಲ್‌ಶಾದಳ ದನಿಯಲ್ಲಿ "ಎಷ್ಟು ದಿನ ಆತವ್ವಾ?" ಎಂದಷ್ಟೇ ಮೊದಲು ಕೇಳುತ್ತದೆ. ಎರಡು ವಾರ ದಾಟಿದ್ದರೆ, ನೋವಿರಲಿ ಬಿಡಲಿ, ಜಾಗ ಯಾವುದೇ ಆಗಲಿ, ತೆಳುಪಟ್ಟಿಯನ್ನು ಕೊಡುವುದೇ ಇಲ್ಲ. ವೈದ್ಯರ ಬಳಿಗೆ ಕಳಿಸುತ್ತದೆ. ಅದರೊಳಗಿನ ಹುಣ್ಣಿನಲ್ಲಿ ಬಿರುಸು ಕಂಡರೆ, ಚರ್ಮ ಯಾವುದಾದರೂ ಅಪಾಯವೆಂದೇ ಎಣಿಸುತ್ತದೆ.

"ಇಷ್ಟಕ್ಕೆ ಯಂತ್ರ ಯಾಕೆ?" ಎಂದ ಅವಳ ಸಹೋದ್ಯೋಗಿ. "ಗೋಡೆ ಮೇಲಿನ ಕ್ಯಾಲೆಂಡರ್ ಸಾಕಿತ್ತಲ್ಲ."

ಶಾರ್ವರಿ ಗೋಡೆಯತ್ತ ಕೈ ತೋರಿಸಿದಳು. ನಿಂಬೆವ್ವಳಿಂದ ಕೇಳಿ ತಂದ ಮೂರು ತಿಂಗಳ ಹಾಳೆಗಳು ಅವಳ ಮೇಜಿನ ಎದುರಿಗೇ ಇವೆ. ಅಂಥ ಹಾಳೆಗಳು ನೂರು ವರ್ಷದಿಂದ ಎಲ್ಲರ ಮನೆಯ ಮೊಳೆಗೂ ತೂಗುತ್ತಿದ್ದವು. ಅವಳು ಆಗಾಗ ಬೆರಳಿಟ್ಟು ಎಣಿಸುತ್ತಾಳೆ. ಎರಡು ವಾರ ದಾಟಿದ ಹದಿನೈದನೆಯ ಚುಕ್ಕಿ ಉಳಿದವುಗಳ ಹಾಗೆಯೇ ಇದೆ, ಚಿಕ್ಕದಾಗಿ, ಅಚ್ಚುಕಟ್ಟಾಗಿ. ಆ ದಿನ ನಿಂಬೆವ್ವಳನ್ನು ಯಾರೂ ಏನೂ ಕೇಳಿರಲಿಲ್ಲ.