ಕಾಲು ನೆಲದ ಮೇಲೇ ಇತ್ತು

"ನನ್ನ ಪುಟ ಎಲ್ಲೋ?"

ಕಥೆಯಕ್ಕ ಪುಸ್ತಕವನ್ನು ಮೇಜಿನ ಮೇಲೆ ಕುಕ್ಕಿದ ಸದ್ದಿಗೆ ಪಕ್ಕದ ಮನೆಯ ದಫೇದಾರಮ್ಮ ಕಾಫಿ ಲೋಟದ ಸಮೇತ ಓಡಿಬಂದರು. ಮೂವತ್ತೆರಡು ವರ್ಷ ಪೊಲೀಸ್ ಠಾಣೆಯಲ್ಲಿ ದುಡಿದು ನಿವೃತ್ತರಾದವರು. ಎಲ್ಲಾದರೂ ಸದ್ದಾದರೆ ಕಾಲು ತಾನಾಗಿ ಆ ಕಡೆ ಹೊರಡುತ್ತಿತ್ತು.

ಮೇಜಿನ ಈಚೆ ಎಂಬತ್ತೆರಡರ ಕಥೆಯಕ್ಕ. ಆಚೆ ಅವರ ಸೋದರಳಿಯ, ಕನ್ನಡಕದ ಅಂಗಡಿಯವನು. ನಡುವೆ ಹೊಚ್ಚ ಹೊಸ ಪುಸ್ತಕ: 'ಹಿತ್ತಲ ಕದ — ಸಮಗ್ರ ಸಂಪುಟ'.

ಐವತ್ತು ವರ್ಷದ ಹಿಂದೆ ವಾರಪತ್ರಿಕೆಯೊಂದರಲ್ಲಿ ಬರುತ್ತಿದ್ದ ಭೂತದ ಚಿತ್ರಕಥೆ ಅದು. ಚಿತ್ರ ಬರೆದವರು ಕಥೆಯಕ್ಕನ ತಮ್ಮ, ಕಳೆದ ವರ್ಷ ತೀರಿಕೊಂಡರು. ಕಥೆಗಳು ಮಾತ್ರ ಅಕ್ಕನವು. ಅಜ್ಜಿಯ ಬಾಯಿಂದ ಕೇಳಿದ್ದಕ್ಕೆ ತನ್ನದೇ ಕೈಕಾಲು ಸೇರಿಸಿ ಹಿತ್ತಲ ಮೆಟ್ಟಿಲ ಮೇಲೆ ಕೂತು ಹೇಳಿದವರು ಆಕೆ. ಪತ್ರಿಕೆ ಎಂದೂ ಆಕೆಯ ಹೆಸರು ಹಾಕಲಿಲ್ಲ. ಆ ಕೋಪಕ್ಕೆ ತಮ್ಮ ಅಂದೇ ಒಂದು ಪುಟ ಬರೆದಿಟ್ಟಿದ್ದ — ಅಕ್ಕ ಕಥೆ ಹೇಳುತ್ತಿರುವ ಚಿತ್ರ, ಕೆಳಗೆ ಅವನದೇ ಅಕ್ಷರ: 'ಈ ಕಥೆಗಳೆಲ್ಲ ನನ್ನ ಅಕ್ಕನವು. ನಾನು ಬರೀ ಗೆರೆ ಎಳೆದವನು.' ಪುಸ್ತಕವಾದ ದಿನ ಮೊದಲು ಇದೇ ಬರಬೇಕು ಅಂದಿದ್ದ.

ಪುಸ್ತಕವಾಗಿತ್ತು. ಆ ಪುಟ ಇರಲಿಲ್ಲ.

"ಅತ್ತೆ, ಅಪ್ಪ ಕಟ್ಟಿಟ್ಟಿದ್ದನ್ನ ಹಾಗೇ ತಗೊಂಡುಹೋಗಿ ಪ್ರಕಾಶನಕ್ಕೆ ಕೊಟ್ಟೆ. ಬಿಚ್ಚಲೂ ಇಲ್ಲ."

"ಎಣಿಸಿದ್ಯಾ?"

"ಇಲ್ಲ."

"ಕೊನೇ ಪ್ರೂಫ್‌ಗೆ ಸೈನ್ ಹಾಕಿದ್ದು ನೀನೇ ಅಲ್ವಾ? ಅದನ್ನಾದ್ರೂ ನೋಡಿದ್ಯಾ?"

ಊರಿಗೆಲ್ಲ ಕಣ್ಣು ಪರೀಕ್ಷೆ ಮಾಡುವ ಮನುಷ್ಯ ತಲೆ ತಗ್ಗಿಸಿದ. "ಅಪ್ಪನ ಆ ಚಿತ್ರಗಳನ್ನ ನಾನು ನೋಡಲ್ಲ ಅತ್ತೆ. ಆರು ವರ್ಷದವನಿದ್ದಾಗ ಒಂದು ಸಲ ನೋಡಿದ್ದೆ. ಜನ್ಮಕ್ಕೆ ಸಾಕಾಯ್ತು."

"ಸುಳ್ಳು ಬೊಗಳಬೇಡ! ನಿಮ್ಮಪ್ಪನ ಹೆಸರೊಂದೇ ಮೆರೀಲಿ ಅಂತ ನೀನೇ ತೆಗೆಸಿದ್ದೀಯ. ನನ್ನ ಪುಟ ಸಿಗೋವರೆಗೂ ಈ ಹೊಸಿಲು ತುಳೀಬೇಡ!"

ಅವನ ಕಣ್ಣಲ್ಲಿ ನೀರು ತುಂಬಿತು. ತಾಯಿ ಹೋದ ಮೇಲೆ ಅವನನ್ನು ಸಾಕಿದ ಮನೆ ಅದು.

ದಫೇದಾರಮ್ಮ ಲೋಟ ಕೆಳಗಿಟ್ಟರು. "ಸಾಕು ಅಕ್ಕ. ಬೈಯೋದಕ್ಕೂ ಮುಂಚೆ ಕಳ್ಳನನ್ನ ಹಿಡಿಯೋಣ. ನಾನು ಫೋನ್ ಮಾಡಿ ವಿಷಯ ಹೇಳ್ತೀನಿ. ನಡೀರಿ, ಪ್ರಕಾಶನಕ್ಕೆ. ಅಲ್ಲಿ ನೀವಿಬ್ಬರೂ ಬಾಯಿ ಬಿಡಬಾರದು. ಮಾತು ನನ್ನದು."

ಅವರಿಗೂ ನಿನ್ನೆಯಿಂದ ಸಿಟ್ಟಿತ್ತು. ಕಾರಣ ಬೇರೆ. ಹಿತ್ತಲ ಕದ ಅಂದರೆ ಅವರಿಗೆ ಪ್ರಾಣ. ಚಿಕ್ಕಂದಿನಲ್ಲಿ ಕುರ್ಚಿಯ ಮೇಲೆ ಕಾಲು ಮಡಚಿ ಕೂತೇ ಓದುತ್ತಿದ್ದರು — ನೆಲದ ಮೇಲೆ ಕಾಲಿಟ್ಟರೆ ಕೆಳಗಿನಿಂದ ಯಾರೋ ಹಿಡಿದೆಳೆಯುತ್ತಾರೆ ಅನ್ನುವ ಭಯ. ಮುಂದೆ ಎಂತೆಂಥ ರೌಡಿಗಳ ಕೊರಳಪಟ್ಟಿ ಹಿಡಿದರೂ ಆ ಅಭ್ಯಾಸ ಬಿಡಲಿಲ್ಲ. ಒಂದು ಕಂತು ಸಿಕ್ಕರೆ ಇನ್ನೊಂದು ಸಿಗದೆ ಪರದಾಡಿದವರು, ಇಡೀ ಕಥೆ ಒಂದೇ ಕಡೆ ಸಿಗುತ್ತದೆಂದು ಐವತ್ತು ವರ್ಷ ಕಾದಿದ್ದರು. ನಿನ್ನೆ ಮಧ್ಯಾಹ್ನ ಬಾಗಿಲು ಹಾಕಿಕೊಂಡು ಒಂದೇ ಪಟ್ಟಿಗೆ ಓದಿದರು. ಕೊನೆಯ ಚಿತ್ರ ಮುಗಿದ ಕೂಡಲೇ ಮುಚ್ಚಿಟ್ಟರು. ಹಿನ್ನುಡಿ ಓದುವ ಚಟ ಅವರಿಗಿಲ್ಲ.

ಆದರೆ ಏನೋ ಸರಿಯಿರಲಿಲ್ಲ. ಅದೇ ಚಿತ್ರ, ಅದೇ ಭೂತ, ರುಚಿ ಮಾತ್ರ ಸಪ್ಪೆ. ನನಗೇ ವಯಸ್ಸಾಯಿತೇನೋ ಅಂದುಕೊಂಡು ತಮ್ಮ ಮೇಲೇ ಸಿಡುಕಿದ್ದರು.

ಪ್ರಕಾಶನದ ಕಚೇರಿ ಮೂರನೇ ಮಹಡಿಯಲ್ಲಿತ್ತು. ಮೆಟ್ಟಿಲ ತುಂಬ ಪುಸ್ತಕದ ಕಟ್ಟುಗಳು, ಅಂಟಿನ ವಾಸನೆ. ಸಂಪಾದಕರು ಎದ್ದು ಕೈ ಮುಗಿದರು. ಬೆಳ್ಳಿ ಕೂದಲು, ಬೆಣ್ಣೆಯಂಥ ಮಾತು. ಎಲ್ಲರನ್ನೂ 'ತಾಯಿ' ಅನ್ನುವ ಜಾತಿ.

"ಬನ್ನಿ ತಾಯಿ. ಫೋನಿನಲ್ಲೇ ಹೇಳಿದೆನಲ್ಲ, ಅಂಥ ಪುಟ ನಮಗೆ ಬಂದೇ ಇಲ್ಲ. ಮನೆಯಲ್ಲೇ ಎಲ್ಲೋ ತಪ್ಪಿಹೋಗಿರಬೇಕು." ಮೂಲೆಯ ಕುರ್ಚಿಯಲ್ಲಿ ಕೂತ ಕಥೆಯಕ್ಕನನ್ನು ನೋಡಿ, "ಇವರು ನಿಮ್ಮ ತಾಯಿಯವರಾ?"

"ನನ್ನ ಜೊತೆ ಬಂದಿದ್ದಾರೆ," ಅಂದರು ದಫೇದಾರಮ್ಮ. "ಪುಟ ಜೋಡಿಸಿದ್ದು ಯಾರು?"

ಒಳಕೋಣೆಯಿಂದ ಡಿಟಿಪಿ ಮಾಡುವ ಹೆಂಗಸು ಬಂದಳು. ನಲವತ್ತೈದರ ಆಸುಪಾಸು, ಕಂಪ್ಯೂಟರ್ ನೋಡಿ ನೋಡಿ ಕೆಂಪಗಾದ ಕಣ್ಣು.

"ಒಬ್ಬ ಹೆಂಗಸು ಕಥೆ ಹೇಳ್ತಿರೋ ಪುಟ — ನಿನ್ನ ಕೈಗೆ ಬಂದಿತ್ತಾ?"

"ಬಂದಿತ್ತಮ್ಮ. ನಾನೇ ಸ್ಕ್ಯಾನ್ ಮಾಡಿ ಐದನೇ ಪುಟಕ್ಕೆ ಹಾಕಿದ್ದೆ."

ಸಂಪಾದಕರ ಬೆಣ್ಣೆ ಮಾತು ಚೂರು ಗಟ್ಟಿಯಾಯಿತು. "ನೋಡಿ ತಾಯಿ, ಇವಳು ಒಟ್ಟಿಗೆ ಮೂರು ಪುಸ್ತಕ ಮಾಡ್ತಾಳೆ. ಒಂದರ ನೆನಪು ಇನ್ನೊಂದಕ್ಕೆ. ಬಂದಿತ್ತು ಅಂತಾದ್ರೆ ಕಳೆದಿರೋದೂ ಇವಳೇ. ಏನಮ್ಮಾ, ಚಹಾ ಚೆಲ್ಲಿ ಹಾಳು ಮಾಡಿ ಮುಚ್ಚಿಟ್ಯಾ? ಮೂಲ ಚಿತ್ರ ಕಳೆದೋರಿಗೆ ಇಲ್ಲಿ ಕೆಲಸ ಇಲ್ಲ, ಗೊತ್ತಲ್ಲ?"

"ಹನ್ನೊಂದು ವರ್ಷದಲ್ಲಿ ಒಂದು ಕಾಗದ ಕಳೆದಿಲ್ಲ ಸಾರ್ ನಾನು!" ಆಕೆ ಮೇಜಿನ ಹತ್ತಿರ ಬಂದಳು. "ಸುಮ್‌ಸುಮ್ನೆ ನನ್ನ ತಲೆ ಮೇಲೆ ಗೂಬೆ ಕೂರಿಸ್ಬೇಡಿ!"

ಒಬ್ಬ ಎಣಿಸದೆ ಕೊಟ್ಟವನು. ಒಬ್ಬಳು ಬಂದಿತ್ತು ಅನ್ನುವವಳು. ಒಬ್ಬರು ಬಂದಿಲ್ಲ ಅನ್ನುವವರು. ಯಾರನ್ನು ನಂಬುವುದು? ದಫೇದಾರಮ್ಮ ಸುಮ್ಮನೆ ಕುರ್ಚಿ ಎಳೆದು ಕೂತು ಪುಸ್ತಕ ಬಿಡಿಸಿದರು.

'ಬಾವಿಯ ಬಾಚಣಿಗೆ' ಕಥೆ. ಹುಡುಗಿ ಬಾವಿಕಟ್ಟೆಯ ಮೇಲೆ ಬಾಚಣಿಗೆ ಎತ್ತಿಕೊಳ್ಳುತ್ತಾಳೆ. ಹಿಂದಿನಿಂದ ದನಿ — 'ಅದು ನನ್ನದು.' ಹುಡುಗಿ ತಿರುಗುತ್ತಾಳೆ. ಎದುರು ಪುಟದಲ್ಲಿ ಅವಳು ನಿಂತಿದ್ದಾಳೆ, ಮುಖವೇ ಇಲ್ಲದ ತಲೆ, ಸೊಂಟದವರೆಗೆ ಒದ್ದೆ ಕೂದಲು.

ದಫೇದಾರಮ್ಮ ತಮ್ಮ ಕಾಲು ನೋಡಿಕೊಂಡರು. ಎರಡೂ ನೆಲದ ಮೇಲೇ ಇದ್ದವು.

ಮುಂದಿನ ಕಥೆ, 'ಏಳನೇ ಮೆಟ್ಟಿಲು'. ಅದರಲ್ಲೂ ಭೂತ ಎದುರು ಪುಟದಲ್ಲಿ. ಕಾಲು ನೆಲದ ಮೇಲೆ. ಅದರ ಮುಂದಿನದು? ಅಲ್ಲೂ ಹಾಗೇ.

"ಅಯ್ಯೋ ನನ್ನ ಬುದ್ಧಿಗಿಷ್ಟು!" ಅಂದರು. "ಒಂದು ಸ್ಕೇಲು ಕೊಡಮ್ಮ."

ಆಕೆ ಕೊಟ್ಟಳು. ದಫೇದಾರಮ್ಮ ಪುಟದ ಎರಡೂ ಅಂಚು ಅಳೆದರು. ಹಾಳೆ ತಿರುಗಿಸಿದರು. ಅಳೆದರು. ಹೀಗೇ ಇಪ್ಪತ್ತು ಕಡೆ. ನಡುವೆ ತಲೆ ಎತ್ತದೆ ಕೇಳಿದರು:

"ಪ್ರೆಸ್ಸಿನಲ್ಲಿ ಒಂದು ಫಾರಂ ಅಂದ್ರೆ ಎಷ್ಟು ಪುಟ?"

"ಹದಿನಾರಮ್ಮ. ಈ ಪುಸ್ತಕ ಎಂಟು ಫಾರಂ. ನೂರ ಇಪ್ಪತ್ತೆಂಟು ಪುಟ. ಒಂದೂ ಖಾಲಿ ಬಿಟ್ಟಿರಲಿಲ್ಲ."

"ಹಿನ್ನುಡಿ ಎಷ್ಟು ಪುಟ ಟೈಪ್ ಮಾಡಿದ್ದೆ?"

"ಒಂದೇ ಪುಟ."

ದಫೇದಾರಮ್ಮ ಕೊನೆಯ ಎರಡು ಪುಟ ಓದಿದರು. ಜನ್ಮದಲ್ಲಿ ಮೊದಲ ಸಲ ಹಿನ್ನುಡಿಯೊಂದನ್ನು ಪೂರ್ತಿ ಓದಿದರು. ಓದುತ್ತ ಓದುತ್ತ ಅವರ ಕಿವಿಯ ತುದಿ ಕೆಂಪಾಯಿತು. ಮುಗಿಸಿ, ಅದರ ಅಂಚನ್ನೂ ಅಳೆದರು.

"ಕೊನೇ ಪ್ರೂಫ್ ತೆಗೆದು ಫೈಲು ಪ್ರೆಸ್ಸಿಗೆ ಕಳಿಸಿದ್ದು ಯಾರು?"

"ಸಾರ್. 'ನೀವು ಬೇಗ ಮನೆಗೆ ಹೋಗಿಮ್ಮ, ನಾನೇ ಕಳಿಸ್ತೀನಿ' ಅಂದ್ರು. ಹನ್ನೊಂದು ವರ್ಷದಲ್ಲಿ ಮೊದಲ ಸಲ ಹಾಗಂದಿದ್ದು. ನಾನೂ ಖುಷಿಯಾಗಿ ಹೊರಟೆ."

ದಫೇದಾರಮ್ಮ ಎದ್ದು ಬಾಗಿಲಿಗೆ ಬೆನ್ನು ಕೊಟ್ಟು ನಿಂತರು. ಹಳೆಯ ಠಾಣೆ ಅಭ್ಯಾಸ.

"ಸಂಪಾದಕರೇ, ಭೂತದ ಚಿತ್ರಕಥೆ ಓದಿ ಜನ ಹೆದರೋದು ಯಾವಾಗ ಗೊತ್ತಾ?"

"ತಾಯಿ, ಇದಕ್ಕೂ ಅದಕ್ಕೂ—"

"ಹಾಳೆ ತಿರುಗಿಸಿದಾಗ! ನಿಮ್ಮ ಚಿತ್ರಕಾರರು ಅದರಲ್ಲಿ ನಿಸ್ಸೀಮರು. ದನಿ ಕೇಳೋದು ಈ ಪುಟದ ಕೊನೇಲಿ. ಭೂತ ಕಾಣೋದು ಹಾಳೆ ತಿರುವಿದ ಮೇಲೆ, ಎಡಗಡೆ ಪುಟದಲ್ಲಿ. ಆ ಒಂದು ಗಳಿಗೆ ಬೆರಳು ನಡುಗುತ್ತೆ, ಕಾಲು ತಾನಾಗಿ ಕುರ್ಚಿ ಮೇಲೆ ಬರುತ್ತೆ. ನಿಮ್ಮ ಪುಸ್ತಕದಲ್ಲಿ ಎಲ್ಲ ಭೂತಗಳೂ ಬಲಗಡೆ ನಿಂತಿವೆ. ದನಿ ಕೇಳೋಕೆ ಮುಂಚೇನೇ ಕಣ್ಣಂಚಿಗೆ ಬೀಳುತ್ತವೆ. ನಿನ್ನೆ ಇಡೀ ಪುಸ್ತಕ ಓದಿದೆ, ನನ್ನ ಕಾಲು ನೆಲದ ಮೇಲೇ ಇತ್ತು! ಯಾಕೆ? ಎಲ್ಲ ಪುಟಗಳೂ ಒಂದೊಂದು ಹಿಂದಕ್ಕೆ ಜರುಗಿವೆ. ಅಂದ್ರೆ ಮುಂದೆ ಎಲ್ಲೋ ಒಂದು ಪುಟ ಕಿತ್ತಿದ್ದಾರೆ."

"ಬರದೇ ಇದ್ದ ಪುಟ ಇಲ್ಲದಿದ್ರೂ ಹಾಗೇ ಆಗುತ್ತಲ್ಲ ತಾಯಿ?"

"ಆಗಲ್ಲ. ಇಲ್ಲಿ ನೋಡಿ." ಸ್ಕೇಲನ್ನು ಪುಟದ ಮೇಲೆ ಟಪ್ಪನೆ ಇಟ್ಟರು. "ಹೊಲಿಗೆ ಬೀಳೋ ಕಡೆ ಅಗಲ ಅಂಚು ಬಿಡಬೇಕು, ಹೊರಗಡೆ ಸಣ್ಣದು. ಇಲ್ಲಿ ಚಿತ್ರ ಶುರುವಾದಲ್ಲಿಂದ ಎಲ್ಲ ತಿರುಗಾಮುರುಗಾ. ಅಗಲ ಅಂಚು ಹೊರಗಿದೆ, ಭೂತದ ಅರ್ಧ ಕೈ ಹೊಲಿಗೆಯೊಳಗೆ ಹೋಗಿದೆ. ಬಲಗಡೆ ಬಂದಿರೋ ಪುಟಗಳನ್ನ ಜೋಡಿಸುವಾಗ ಎಡಗಡೆ ಅಂತಲೇ ಜೋಡಿಸಿದ್ರು. ಅಂದ್ರೆ ಈಕೆ ಜೋಡಿಸಿದಾಗ ಆ ಪುಟ ಅಲ್ಲೇ ಇತ್ತು. ಕಿತ್ತಿದ್ದು ಆಮೇಲೆ. ಪುಟ ಕಟ್ಟೋ ಕೆಲಸದ ಗಂಧ ಇಲ್ಲದೋರು ಕಿತ್ತಿದ್ದು."

ಡಿಟಿಪಿ ಹೆಂಗಸು ಪುಸ್ತಕ ಕಿತ್ತುಕೊಂಡು ನೋಡಿದಳು. "ಅಯ್ಯಯ್ಯೋ! ನನ್ನ ಅಂಚುಗಳೆಲ್ಲ ಹಾಳಾಗಿವೆ! ಇದನ್ನ ನಾನು ಮಾಡಿದ್ದು ಅಂತೀರಾ?"

"ಒಂದು ಪುಟ ತೆಗೆದ್ರೆ ಫಾರಂ ತುಂಬೋಕೆ ಒಂದು ಪುಟ ಸೇರಿಸ್ಬೇಕು. ಯಾವುದು ಸೇರಿತು? ಚಿತ್ರ ಶುರುವಾದ ಮೇಲೆ ಇಡೀ ಪುಸ್ತಕದಲ್ಲಿ ಅಂಚು ನೆಟ್ಟಗಿರೋದು ಒಂದೇ ಪುಟ. ಕೊನೇದು. ಹಿನ್ನುಡಿಯ ಎರಡನೇ ಪುಟ. ಉಳಿದದ್ದೆಲ್ಲ ಜರುಗಿದ ಮೇಲೆ ಹೊಸದಾಗಿ ಹೊಸೆದದ್ದು. ಓದ್ತೀನಿ, ಎಲ್ಲರೂ ಕೇಳಿ: 'ಈ ಕಥೆಗಳನ್ನು ನಾನು ಯೌವನದಲ್ಲಿ ಹೆಸರೂ ತಿಳಿಯದ ಒಬ್ಬ ಮುದುಕಿಯಿಂದ ಸಂಗ್ರಹಿಸಿ ಚಿತ್ರಕಾರರಿಗೆ ಒದಗಿಸಿದೆ. ಆಕೆ ಈಗಿಲ್ಲ.' ಕೆಳಗೆ ಸಹಿ ಯಾರದು, ಸಂಪಾದಕರೇ?"

ಇನ್ನು ಈ ಮನುಷ್ಯನಿಗೆ ಬಹುವಚನ ದಂಡ. ಅವನು ಕುಸಿದು ಕೂತ.

"ನಾನು ಆಗ ಆ ಪತ್ರಿಕೆಯಲ್ಲಿ ಪ್ರೂಫ್ ನೋಡ್ತಿದ್ದೆ," ಅಂದ. "ಜೀವನವೆಲ್ಲ ಬೇರೆಯವರ ಪುಸ್ತಕ ತಿದ್ದಿದೆ. ನನ್ನದು ಅಂತ ಒಂದಾದ್ರೂ ಬೇಡವಾ? ಯಾರಿಗೆ ನಷ್ಟ ಹೇಳಿ? ಚಿತ್ರಕಾರರ ಹೆಸರು ಹಾಗೇ ಇದೆ. ಆ ಅಕ್ಕನೋ, ತಮ್ಮನೇ ಎಪ್ಪತ್ತೆಂಟಕ್ಕೆ ಹೋದ ಮೇಲೆ ಅವಳು ಸತ್ತು ಯಾವ ಕಾಲವಾಯ್ತೋ. ಸತ್ತೋಳು ಬಂದು ಕೇಳ್ತಾಳಾ?"

ಮೂಲೆಯಲ್ಲಿ ಕುರ್ಚಿ ಕಿರುಗುಟ್ಟಿತು.

"ಕೇಳ್ತಾಳೆ," ಅಂತು ಒಂದು ದನಿ. "ಅದು ನನ್ನದು."

ಅದೇ ದನಿ. ಮೂರು ತಲೆಮಾರಿನ ಮಕ್ಕಳನ್ನು ಹಿತ್ತಲ ಮೆಟ್ಟಿಲ ಮೇಲೆ ನಡುಗಿಸಿದ ದನಿ. ಬಿಳಿ ಕೂದಲು ಕೆದರಿದ ಕಥೆಯಕ್ಕ ಹೆಜ್ಜೆ ಮೇಲೆ ಹೆಜ್ಜೆ ಇಟ್ಟು ಮೇಜಿನ ಹತ್ತಿರ ಬಂದರು.

ಸಂಪಾದಕನ ಎರಡೂ ಕಾಲು ನೆಲ ಬಿಟ್ಟು ಕುರ್ಚಿಯ ಮೇಲೆ ಬಂದವು.

"ಬದುಕಿದ್ದೀನಾ ಸತ್ತಿದ್ದೀನಾ ಅಂತ ಒಂದು ಮಾತು ಕೇಳೋ ಸೌಜನ್ಯ ಇರ್ಲಿಲ್ವೇನೋ ನಿನಗೆ? ಹೆಸರು ಕದ್ದೆ, ಹಾಳಾಗಿ ಹೋಗ್ಲಿ. ನನ್ನನ್ನ ಸಾಯಿಸಿ ಪುಸ್ತಕದ ಕೊನೇಲಿ ಹೂತುಬಿಟ್ಯಲ್ಲೋ! ನನ್ನ ತಮ್ಮ ಒಂದೊಂದು ಭೂತಕ್ಕೂ ವಾರಗಟ್ಟಲೆ ಕೂತು ಕಣ್ಣು ಕಳ್ಕೊಂಡ. ಅವನ ಭೂತಗಳನ್ನೆಲ್ಲ ಬೆದರುಬೊಂಬೆ ಮಾಡಿಟ್ಯಲ್ಲೋ! ತೆಗಿ ನನ್ನ ಪುಟ!"

ಅವನು ಕೆಳಗಿನ ಡ್ರಾಯರ್ ಎಳೆದ. ಹಳದಿಯಾದ ದಪ್ಪ ಹಾಳೆ ಹೊರಬಂತು. ಹರಿಯುವ ಧೈರ್ಯವೂ ಆ ಮನುಷ್ಯನಿಗೆ ಇರಲಿಲ್ಲ.

ಕಥೆಯಕ್ಕ ಅದನ್ನು ಕೈಗೆತ್ತಿಕೊಂಡರು. ಐವತ್ತು ವರ್ಷದ ಹಿಂದಿನ ತಾನು, ಬಾಯಿ ತೆರೆದು, ಕೈ ಎತ್ತಿ. ಸುತ್ತ ಮಕ್ಕಳು, ಎಲ್ಲರ ಕಾಲೂ ಮಡಚಿಕೊಂಡಿದೆ. ಅವರು ಅಳಲಿಲ್ಲ. ಮೂಗು ಒರೆಸಿಕೊಂಡು ಇನ್ನೂ ಜೋರಾಗಿ ಅಂದರು:

"ಅಚ್ಚಾಗಿರೋ ಒಂದೊಂದು ಪುಸ್ತಕಾನೂ ವಾಪಸ್ ತರಿಸು. ಮತ್ತೆ ಅಚ್ಚು ಮಾಡಿಸು. ನಿನ್ನ ಹಿನ್ನುಡಿ ಒಂದಕ್ಷರ ಇರ್ಬಾರದು. ಮೊದಲು ಈಕೆ ಹತ್ರ ತಪ್ಪಾಯ್ತು ಅನ್ನು."

ಅವನು ಅಂದ. ಡಿಟಿಪಿ ಹೆಂಗಸು ಮುಖ ತಿರುಗಿಸಿ ಒಳಗೆ ಹೋಗಿ ಕಂಪ್ಯೂಟರ್ ಹಾಕಿದಳು.

ಕಥೆಯಕ್ಕ ಸೋದರಳಿಯನ ಕಡೆ ತಿರುಗಿದರು.

"ನಿನ್ನ ಮೇಲೆ ಸುಮ್ನೆ ಕೂಗಾಡಿದೆ," ಅಂದರು. ಸಿಟ್ಟಿನ ದನಿಯಲ್ಲೇ. "ತಪ್ಪು ನನ್ನದು. ಆದ್ರೆ ನಿನ್ನದೂ ಇದೆ. ನಾಡಿದ್ದು ಹೊಸ ಪ್ರೂಫ್ ಬರುತ್ತೆ. ಮನೆಗೆ ತಗೊಂಡು ಬಾ."

"ಅತ್ತೆ... ನಾನು ಅದನ್ನ..."

"ನಾನು ಪಕ್ಕದಲ್ಲೇ ಕೂತಿರ್ತೀನಿ. ಹೆದರಿಕೆ ಆದ್ರೆ ಕಾಲು ಮೇಲಿಟ್ಕೋ. ಈ ಸಲ ನೋಡಿ ಸೈನ್ ಹಾಕು."